ಏಳು ಕಾಲಮ್ಮಿಗೆ ಹೊಂದದ ಹತ್ತೊಂಬತ್ತು ಮಂದಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಕೇಶ್ವಾಪುರದ ನಮ್ಮ ಕಿರಾಣಿ ಅಂಗಡಿಯವನೂ ಅದನ್ನೇ ಹೇಳುತ್ತಾನೆ, ಮೆಲ್ಲಗೆ. ಆದರೆ ಬೇಗ ಬಂದ ಸಿಟ್ಟು ಬೇಗ ಇಳಿಯುವುದೂ ಉಂಟು. ಎರಡು ವರ್ಷದ ಹಿಂದೆ ಬಂದದ್ದೊಂದು ಮಾತ್ರ ಇನ್ನೂ ಇಳಿದಿಲ್ಲ. ಅದರಲ್ಲಿ ಸ್ವಲ್ಪ ಪಾಲು ಬೇರೆಯವರದು, ದೊಡ್ಡ ಪಾಲು ನನ್ನದೇ. ಹಾಗಾಗಿಯೇ ಇಳಿಯುತ್ತಿಲ್ಲವೋ ಏನೋ.

ನಮ್ಮ ಕಚೇರಿ ದೇಶಪಾಂಡೆ ನಗರದಲ್ಲಿ, ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ. ಎರಡು ಕೋಣೆ, ನಾಲ್ಕು ಮಂದಿ. ಊರಿನ ಸಾಲೆ, ಆಸ್ಪತ್ರೆ, ಸಂಘ ಸಂಸ್ಥೆಗಳು ತಮ್ಮ ಪಟ್ಟಿಗಳನ್ನು ನಮಗೆ ಕಳಿಸುತ್ತವೆ. ಪಟ್ಟಿಯಲ್ಲಿ ಹತ್ತು ಕಾಲಂ ಇರಲಿ, ಐವತ್ತು ಇರಲಿ, ಅವರಿಗೆ ಬೇಕಾದ ಎರಡೋ ಮೂರೋ ಕಾಲಂ ಎತ್ತಿ ಬೇರೆ ಪಟ್ಟಿ ಮಾಡಿ ಕೊಡುವುದು ನಮ್ಮ ಕೆಲಸ. ಕೇಳಿದವರು ಇದೂ ಒಂದು ಕೆಲಸವೇ ಎನ್ನುತ್ತಾರೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ನಾನು ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಪ್ರೋಗ್ರಾಂ ಬರೆಯಲು ಕಲಿತದ್ದು ನಲವತ್ತು ದಾಟಿದ ಮೇಲೆ, ಅದರಲ್ಲೂ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ರೀತಿಯನ್ನು. ಕಚೇರಿಯ ಉಳಿದವರು ಕಂಪ್ಯೂಟರಿಗೆ ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಹೆಜ್ಜೆ ಹೆಜ್ಜೆಗೂ ಹೇಳುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಸಣ್ಣ ಸಣ್ಣ ಫಂಕ್ಷನ್ ಬರೆಯುತ್ತೇನೆ. ಒಂದಕ್ಕೆ ಒಂದು ಸಾಲು ಕೊಟ್ಟರೆ ಅದನ್ನು ತುಂಡು ಮಾಡಿ ಕೊಡುತ್ತದೆ. ಇನ್ನೊಂದಕ್ಕೆ ತುಂಡುಗಳನ್ನು ಕೊಟ್ಟರೆ ಬೇಕಾದದ್ದನ್ನು ಆರಿಸಿ ಕೊಡುತ್ತದೆ. ಎರಡನ್ನೂ ಜೋಡಿಸಿ ಇಡೀ ಕಡತದ ಮೇಲೆ ಹರಿಸಿದರೆ ಕಾಲಂ ಹೊರಗೆ ಬಂತು. ಸಾಧ್ಯಾಸಾಧ್ಯಗಳನ್ನೆಲ್ಲ ಮೊದಲೇ ಹೇಳಿಬಿಡಬೇಕು ಎನ್ನುವ ಶಿಸ್ತು ಅದರದು, ಅದಕ್ಕೇ ನನ್ನಂಥ ಗಣಿತದ ಮಾಸ್ತರಿಣಿಗೆ ಹಿಡಿಸಿತು. "ನೀವು ಇಡೀ ದಿನ ಒಗ್ಗರಣಿ ಹಾಕ್ಕೋತ ಕುಂದರ್ರಿ, ನಂದು ಮೂರು ಸಾಲಿನ್ಯಾಗ ಮುಗೀತೈತಿ" ಎಂದು ಪಕ್ಕದ ಮೇಜಿನವರನ್ನು ಕಾಡಿಸುತ್ತಿದ್ದೆ. ಸೊಕ್ಕು ಎಂದರೆ ಸೊಕ್ಕೇ. ಈಗ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಆ ವರ್ಷ ಒಂದು ಕಣ್ಣಿನ ಆಸ್ಪತ್ರೆಯ ಕೆಲಸ ಬಂತು. ಅವರು ಹಳ್ಳಿಗಳಲ್ಲಿ ತಪಾಸಣೆ ಮಾಡಿ, ಪೊರೆ ಬಂದವರಿಗೆ ಪುಕ್ಕಟೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ತಪಾಸಣೆಯಲ್ಲಿ ಆಯ್ಕೆಯಾದವರ ಪಟ್ಟಿಯನ್ನು ಆಯಾ ಊರಿನ ಆರೋಗ್ಯ ಕಾರ್ಯಕರ್ತೆಯೇ ಕಂಪ್ಯೂಟರಿನಲ್ಲಿ ತುಂಬಿ ಕಳಿಸಬೇಕು. ಕಾಲಂ ಏಳು: ಅನುಕ್ರಮ ಸಂಖ್ಯೆ, ಹೆಸರು, ವಯಸ್ಸು, ಊರು, ಓಣಿ, ಫೋನ್ ನಂಬರು, ಯಾವ ಕಣ್ಣು. ಆಸ್ಪತ್ರೆಗೆ ಬೇಕಾದದ್ದು ಮೂರೇ: ಹೆಸರು, ಫೋನು, ಕಣ್ಣು. ನಾವು ತೆಗೆದುಕೊಟ್ಟ ಆ ಮೂರರ ಆಧಾರದ ಮೇಲೆ ಒಬ್ಬೊಬ್ಬರ ಫೋನಿಗೂ ಇಂಥ ದಿನ ಬನ್ನಿ ಎಂದು ಮೆಸೇಜು ಹೋಗುತ್ತಿತ್ತು, ಅಷ್ಟೇ ಹಾಸಿಗೆ ತಯಾರಾಗುತ್ತಿತ್ತು. ಮೆಸೇಜು ಬಾರದವನಿಗೆ ಹಾಸಿಗೆ ಇಲ್ಲ.

ಉಪ್ಪಿನಬೆಟಗೇರಿಯ ಪಟ್ಟಿ ಹೋಗಿ ನಾಲ್ಕನೆಯ ದಿನ ನನಗೊಂದು ಫೋನು ಬಂತು. ಆ ಊರಿನ ಕಾರ್ಯಕರ್ತೆ. ದನಿಯಲ್ಲಿ ಗಾಬರಿ ಇತ್ತು, ಆದರೆ ಮಾತು ಚೊಕ್ಕ.

"ಮೇಡಂರಿ, ನಾ ಐವತ್ತೆರಡು ಮಂದೀದು ಕಳಿಸೇನ್ರಿ. ಮೂವತ್ಮೂರು ಮಂದಿಗೆ ಅಷ್ಟ ಮೆಸೇಜ್ ಬಂದೈತ್ರಿ."

ನಾನು ನಮ್ಮ ಕಡೆಯಿಂದ ಹೋದ ಪಟ್ಟಿ ತೆರೆದೆ. ಮೂವತ್ಮೂರು ಸಾಲು, ಒಂದರ ಕೆಳಗೊಂದು ಅಂದವಾಗಿ ಕೂತಿದ್ದವು. ಎಲ್ಲೂ ಖಾಲಿ ಜಾಗವಿಲ್ಲ, ಎಲ್ಲೂ ಅಡ್ಡಾದಿಡ್ಡಿ ಇಲ್ಲ. ಇಷ್ಟು ಸ್ವಚ್ಛವಾದ ಪಟ್ಟಿಯಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ ಎನ್ನಿಸಿತು.

"ನೀವು ಏನ್ ಕಳಿಸೀರೋ ಅದ ಹೋಗೈತ್ರಿ. ಮಷೀನ್ ಮಂದೀನ ನುಂಗ್ತೈತೇನು?"

"ನುಂಗೈತಲ್ರಿ ಮತ್ತ" ಎಂದಳು ಆಕೆ.

ನನಗೆ ರೇಗಿತು. "ತುಂಬೂವಾಗ ನೀವ ಬಿಟ್ಟಿರ್ತೀರಿ. ಮೊದಲ ನಿಮ್ಮದು ಸರಿ ನೋಡ್ಕೋರಿ" ಎಂದು ಫೋನ್ ಇಟ್ಟೆ. ಆಕೆ ಕಳಿಸಿದ ಮೂಲ ಕಡತವನ್ನು ನಾನು ತೆರೆದು ನೋಡಲಿಲ್ಲ. ಅದು ನನ್ನ ಕಂಪ್ಯೂಟರಿನಲ್ಲೇ ಇತ್ತು, ಎರಡು ಸಲ ಒತ್ತಿದರೆ ತೆರೆಯುತ್ತಿತ್ತು. ಆಸ್ಪತ್ರೆಯವರು ಸಂಜೆ ವಿಚಾರಿಸಿದಾಗ, ನಮಗೆ ಬಂದದ್ದನ್ನೇ ಕೊಟ್ಟಿದ್ದೇವೆ, ಕೊರತೆ ಹಳ್ಳಿಯ ಕಡೆಯದು ಎಂದು ನಾನೇ ಬರೆದು ಕಳಿಸಿದೆ. ಯಾರೂ ಒತ್ತಾಯ ಮಾಡಿರಲಿಲ್ಲ.

ಆ ಒಂದು ಸಾಲಿನ ಉತ್ತರ ಆಕೆಗೆ ಏನು ಮಾಡಿತು ಎಂಬುದು ನನಗೆ ತಿಳಿದದ್ದು ಹತ್ತು ದಿನದ ಮೇಲೆ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದೆ, ಮೆಟ್ಟಿಲು ಹತ್ತಿ ಒಬ್ಬಳು ಬಂದಳು. ಮೂವತ್ತೈದರ ಆಸುಪಾಸು, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಉದ್ದನೆಯ ನೋಟುಬುಕ್ಕು. ನೀರು ಕೊಟ್ಟರೆ ಬೇಡವೆಂದಳು. ಕುರ್ಚಿ ಎಳೆದುಕೊಂಡು ಕೂತು, ಉಪ್ಪಿನಬೆಟಗೇರಿಯಿಂದ ಬಂದಿದ್ದೇನೆ ಎಂದಳು.

"ಊರಾಗ ನನಗ ಕಳ್ಳಿ ಅನ್ನಾಕತ್ತಾರ್ರಿ. ಬೇಕಾದವರ ಹೆಸರ ಅಷ್ಟ ಕೊಟ್ಟಾಳ, ಬ್ಯಾಡಾದವರ್ನ ತಗದಾಳ ಅಂತ. ನಾ ಹನ್ನೊಂದು ವರ್ಷ ಆ ಊರಾಗ ಬಾಣಂತನಾ ನೋಡೇನಿ, ಕೂಸಿಗೆ ಲಸಿಕಿ ಹಾಕ್ಸೇನಿ. ಈಗ ಮನಿ ಮುಂದ ಹೋದ್ರ ಬಾಗಲಾ ಹಾಕ್ಕೋತಾರ. ಆಸ್ಪತ್ರಿಯವರು ಇನ್ನ ಮುಂದ ಪಟ್ಟಿ ಬ್ಯಾರೇದಾಕಿ ಮಾಡ್ತಾಳ ಅಂತ ಹೇಳ್ಯಾರ. ನಿಮ್ಮ ಪತ್ರ ತೋರ್ಸಿ ಹೇಳಿದ್ರು."

ನಿಮ್ಮ ಪತ್ರ ಎಂದಾಗ ಆಕೆ ದನಿ ಏರಿಸಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಚುಚ್ಚಿತು. ಆದರೂ ಸೊಕ್ಕು ಇಳಿಯಲಿಲ್ಲ. ಹಾಗಾದರೆ ನಿಮ್ಮ ಪಟ್ಟಿಯನ್ನೇ ನೋಡಿಬಿಡೋಣ ಎಂದೆ, ಆಕೆಯ ತಪ್ಪನ್ನು ಆಕೆಗೇ ತೋರಿಸಿಕೊಡುವ ಹುಕಿಯಲ್ಲಿ.

"ನಾ ಓದ್ತೇನ್ರಿ. ನಿಮ್ಮ ಕಂಪ್ಯೂಟರಿನ್ಯಾಗ ಇದ್ರ ಹೂಂ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ" ಎಂದು ಆಕೆ ನೋಟುಬುಕ್ಕು ತೆರೆದಳು.

ನಾವು ಆಸ್ಪತ್ರೆಗೆ ಕಳಿಸಿದ ಪಟ್ಟಿಯನ್ನು ನಾನು ತೆರೆದುಕೊಂಡೆ, ಆಕೆ ಓದತೊಡಗಿದಳು. ಹೂಂ ಎಂದೆ. ಹೂಂ. ಹೂಂ. ಇಲ್ಲ. ಹೂಂ. ಇಲ್ಲ. ಇಲ್ಲ. ಹದಿನೈದು ಹೆಸರು ಆಗುವಷ್ಟರಲ್ಲಿ ನನ್ನ ಕಿವಿಗೆ ಒಂದು ಸಂಗತಿ ಬಿತ್ತು. ನಾನು ಇಲ್ಲ ಎಂದ ಹೆಸರಿಗೆಲ್ಲ ಒಂದು ಬಾಲವಿತ್ತು. ಹೆಸರು, ಅಡ್ಡಹೆಸರು ಹೇಳಿ ಆಕೆ ಒಂದು ಗಳಿಗೆ ತಡೆದು, "ಗಿರಣಿ ಮನಿ" ಎನ್ನುತ್ತಿದ್ದಳು. ಇನ್ನೊಂದಕ್ಕೆ "ಬಾವಿ ಹಿಂದಿನವರು". ಮತ್ತೊಂದಕ್ಕೆ "ಮೋಟಾರ್ ಅಂಗಡಿ".

"ಇದೇನು, ಹೆಸರಿನ ಮುಂದ ಇದನ್ನೆಲ್ಲಾ ಯಾಕ ಬರದೀರಿ?" ಎಂದೆ.

ಆಕೆ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಷ್ಟೂ ಗೊತ್ತಿಲ್ಲವೇ ಎನ್ನುವ ನೋಟ. "ಮತ್ತ ಯಾಂವ ಅಂತ ಹೆಂಗ ಗೊತ್ತಾಗಬೇಕ್ರಿ? ಅಜ್ಜನ ಹೆಸರ ಮೊಮ್ಮಗಗ ಇಡ್ತಾರ. ನಾಕು ಮಂದಿ ಅಣ್ಣತಮ್ಮಂದ್ರು ಇದ್ರ ನಾಕೂ ಮನ್ಯಾಗ ಅದ ಹೆಸರು. ಅಡ್ಡಹೆಸರೂ ಅದ. ಓಣಿನೂ ಅದ. ಬಲಗಣ್ಣಿಂದು ಒಬ್ಬಂದು, ಎಡಗಣ್ಣಿಂದು ಒಬ್ಬಂದು. ಬರೀ ಹೆಸರ ಬರದ್ರ ಡಾಕ್ಟರು ಯಾರ್ದು ಯಾವ ಕಣ್ಣ ಕೊಯ್ಬೇಕ್ರಿ?"

ನನಗೆ ಗೊತ್ತಿಲ್ಲದ ಮಾತೇ ಇದು? ನನ್ನ ಗಂಡನ ಕಾಕಾನ ಮಕ್ಕಳು ಇಬ್ಬರಿಗೂ ಅವರ ಅಜ್ಜನ ಹೆಸರೇ. ಒಬ್ಬನನ್ನು ಧಾರವಾಡದಾಂವ ಎನ್ನುತ್ತೇವೆ, ಇನ್ನೊಬ್ಬನನ್ನು ಬ್ಯಾಂಕಿನಾಂವ ಎನ್ನುತ್ತೇವೆ. ಮದುವೆಯ ಪತ್ರಿಕೆ ಕೊಡುವಾಗ ಲಕೋಟೆಯ ಮೇಲೆ ಕೂಡ ಹಾಗೇ ಬರೆಯುತ್ತೇನೆ. ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ಮಾಡುತ್ತ ಬಂದದ್ದನ್ನು ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಮರೆತಿದ್ದೆ.

ಆಗ ಮೂಲ ಕಡತ ತೆರೆದೆ. ಐವತ್ತೆರಡು ಸಾಲು ಇದ್ದವು, ಒಂದೂ ಕಡಿಮೆ ಇರಲಿಲ್ಲ.

ಇಂಥ ಕಡತದಲ್ಲಿ ಒಂದು ಕಾಲಮ್ಮಿಗೂ ಇನ್ನೊಂದಕ್ಕೂ ನಡುವೆ ಒಂದು ಕಾಮಾ ಇರುತ್ತದೆ, ಅಷ್ಟೇ ಗೋಡೆ. ಆಕೆ ಹೆಸರಿನ ಕಾಲಮ್ಮಿನೊಳಗೇ ಒಂದು ಕಾಮಾ ಹಾಕಿ ಗಿರಣಿ ಮನಿ ಎಂದು ಬರೆದಿದ್ದಳು. ಅದು ತಪ್ಪಲ್ಲ. ಹಾಗೆ ಒಳಗೆ ಕಾಮಾ ಬಂದರೆ ಇಡೀ ಹೆಸರಿನ ಆಚೆ ಈಚೆ ಉದ್ಧರಣ ಚಿಹ್ನೆ ಇರಬೇಕು, ಇದು ಒಂದೇ ತುಂಡು, ಕತ್ತರಿಸಬೇಡಿ ಎಂದು ಅದರ ಅರ್ಥ. ಆಕೆ ಬಳಸಿದ ಸಾಫ್ಟ್‌ವೇರ್ ಆ ಚಿಹ್ನೆಗಳನ್ನು ಹತ್ತೊಂಬತ್ತು ಸಾಲಿನಲ್ಲೂ ತಪ್ಪದೆ ಹಾಕಿತ್ತು. ಅದನ್ನು ನೋಡದೇ ಹೋದದ್ದು ನನ್ನ ಫಂಕ್ಷನ್. ಕಾಮಾ ಕಂಡಲ್ಲೆಲ್ಲ ಕತ್ತರಿಸಿತ್ತು. ಏಳು ತುಂಡಾಗಬೇಕಾದ ಸಾಲು ಎಂಟಾಗಿತ್ತು, ಸರಿಯಾಗಿ ಏಳಿದ್ದರೆ ಮಾತ್ರ ಆರಿಸು ಎಂದು ನಾನು ಬರೆದದ್ದರಿಂದ ಮುಂದಿನ ಫಂಕ್ಷನ್ನಿಗೆ ಆ ಸಾಲಿನಲ್ಲಿ ಏನೂ ಸಿಗಲಿಲ್ಲ.

ಇಂಥ ಕಡತ ಓದಲು ತಿಳಿದವರು ಬರೆದಿಟ್ಟ ಸಿದ್ಧ ಲೈಬ್ರರಿ ಇದೆ, ಹೆಸರು ಟೈಪು ಮಾಡಿದರೆ ಸಿಗುತ್ತದೆ. ನಾನು ಬಳಸಿರಲಿಲ್ಲ. ಮೂರು ಸಾಲಿನಲ್ಲಿ ಮುಗಿಸುವವಳಿಗೆ ಅದೆಲ್ಲ ಯಾಕೆ?

ಕತ್ತರಿಸಿದ್ದನ್ನಾದರೂ ತಡೆದುಕೊಳ್ಳಬಹುದು. ಆಮೇಲಿನದನ್ನು ಈಗಲೂ ತಡೆದುಕೊಳ್ಳಲಾಗುತ್ತಿಲ್ಲ. ನಾನು ಮೆಚ್ಚಿದ ಆ ಶಿಸ್ತಿನಲ್ಲಿ, ಬೇಕಾದ ಕಾಲಂ ಸಿಗದೇ ಹೋಗಬಹುದು ಎನ್ನುವ ಸಂದರ್ಭ ಇದ್ದರೆ ಫಂಕ್ಷನ್ ಅದನ್ನು ಮುಚ್ಚಿಡುವಂತಿಲ್ಲ. ಸಿಕ್ಕರೆ ಇಂಥದ್ದು ಸಿಕ್ಕಿತು, ಸಿಗದಿದ್ದರೆ ಏನೂ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಅದು ಹೇಳಿತ್ತು. ಹತ್ತೊಂಬತ್ತು ಸಲ ಏನೂ ಇಲ್ಲ ಎಂದು ಹೇಳಿತ್ತು. ಈ ಏನೂ ಇಲ್ಲಗಳನ್ನು ಏನು ಮಾಡೋಣ ಎಂದು ಆ ಭಾಷೆ ನನ್ನನ್ನು ಕೇಳಿಯೇ ಕೇಳುತ್ತದೆ, ಉತ್ತರ ಕೊಡದೆ ಮುಂದೆ ಹೋಗಲು ಬಿಡುವುದಿಲ್ಲ. ಪ್ರೋಗ್ರಾಂ ಬರೆದ ದಿನ ನಾನು ಕೊಟ್ಟ ಉತ್ತರ ಒಂದೇ ಪದದ್ದು. ಏನೂ ಇಲ್ಲ ಎಂದವನ್ನೆಲ್ಲ ಬಿಟ್ಟುಬಿಟ್ಟು, ಸಿಕ್ಕಿದ್ದನ್ನಷ್ಟೇ ಸಾಲಾಗಿ ಕೊಡುವ ಸಿದ್ಧ ಫಂಕ್ಷನ್ನಿನ ಹೆಸರು. ಪಟ್ಟಿ ಎಷ್ಟು ಅಚ್ಚುಕಟ್ಟಾಗಿ ಬರುತ್ತದೆ ನೋಡಿ ಎಂದು ಪಕ್ಕದವರಿಗೆ ತೋರಿಸಿಯೂ ಇದ್ದೆ. ಎಷ್ಟು ಸಾಲು ಒಳಗೆ ಹೋದವು, ಎಷ್ಟು ಹೊರಗೆ ಬಂದವು ಎಂದು ಎಣಿಸುವ ಒಂದು ಸಾಲು ಬರೆಯಲಿಲ್ಲ. ಒಂಬತ್ತನೆಯ ಇಯತ್ತೆಯ ಹುಡುಗಿಯರು ಲೆಕ್ಕ ಬಿಡಿಸಿ ತಾಳೆ ನೋಡದಿದ್ದರೆ ಮಾರ್ಕು ಕಡಿಯುತ್ತಿದ್ದವಳು ನಾನು.

ಉಳಿದ ಮೂವತ್ತೇಳು ಹೆಸರನ್ನೂ ಆಕೆ ಓದಿದಳು. ತಪ್ಪು ಸಿಕ್ಕಿತು, ಇನ್ನು ಸಾಕು ಎಂದರೂ ಬಿಡಲಿಲ್ಲ. ಪ್ರತಿಯೊಂದಕ್ಕೂ ನನ್ನ ಬಾಯಿಂದಲೇ ಹೂಂ, ಇಲ್ಲ ಅನ್ನಿಸಿದಳು. ಆಮೇಲೆ ನೋಟುಬುಕ್ಕು ಮಡಚಿ ಚೀಲಕ್ಕೆ ಹಾಕಿಕೊಂಡು, ಬಸ್ಸು ತಪ್ಪುತ್ತದೆ ಎಂದು ಎದ್ದುಹೋದಳು. ನಾನು ತಪ್ಪಾಯಿತು ಎಂದೆನೋ ಇಲ್ಲವೋ ನೆನಪಿಲ್ಲ. ಎಂದಿದ್ದರೆ ನೆನಪಿರುತ್ತಿತ್ತು.

ಪ್ರೋಗ್ರಾಂ ತಿದ್ದಲು ಅರ್ಧ ಗಂಟೆ ಸಾಕಾಯಿತು. ಹತ್ತೊಂಬತ್ತು ಮಂದಿಯ ಹೆಸರು ಮತ್ತೆ ಆಸ್ಪತ್ರೆಗೆ ಹೋಯಿತು, ಆರು ವಾರದ ನಂತರದ ದಿನ ಸಿಕ್ಕಿತು. ತಿದ್ದಲಾಗದ್ದು ಪತ್ರ. ಹಳೆಯ ಪತ್ರ ತಪ್ಪು, ಕೊರತೆ ನಮ್ಮ ಪ್ರೋಗ್ರಾಮಿನದು, ಕಾರ್ಯಕರ್ತೆಯ ಪಟ್ಟಿ ಪೂರ್ತಿ ಸರಿಯಿತ್ತು ಎಂದು ಹೊಸ ಪತ್ರ ಬರೆದು ನಮ್ಮ ಕಚೇರಿಯ ಯಜಮಾನರ ಮೇಜಿನ ಮೇಲಿಟ್ಟೆ. ಸಂಭಾವಿತ ಮನುಷ್ಯ, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಓದಿ, ಕನ್ನಡಕ ತೆಗೆದಿಟ್ಟರು.

"ಇಷ್ಟ ಬಿಚ್ಚಿ ಬರಿಯೂದು ಬ್ಯಾಡ್ರಿ ಮೇಡಂ. ಹಳ್ಳಿ ಮಟ್ಟದ ಪಟ್ಟಿಯ ಫಾರ್ಮ್ಯಾಟ್ ಹೊಂದಾಣಿಕಿ ಆಗಿರಲಿಲ್ಲ, ಈಗ ಸರಿಪಡಿಸೇವಿ ಅಂತ ಬರದ್ರ ಸಾಕು."

"ಫಾರ್ಮ್ಯಾಟ್ ಸರಿ ಇತ್ರಿ. ಓದಾಕ ಬರಲಿಲ್ಲ ನಮಗ."

"ಅದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಪ್ರೋಗ್ರಾಂ ಮಂದೀನ ಬಿಡ್ತೈತಿ ಅಂತ ಬರದು ಕೊಟ್ರ ನಾಳೆ ಯಾರ್ ಕೆಲಸಾ ಕೊಡ್ತಾರ? ಆ ಹೆಣ್ಮಗಳಿಗೆ ಏನ್ ಪಗಾರ ಹೋಗೂದೈತಿ? ಪಟ್ಟಿ ಮಾಡೂದು ಒಂದು ತಪ್ಪತೈತಿ, ಅಷ್ಟ."

ಅಷ್ಟೇ ಅಂತೆ. ಹನ್ನೊಂದು ವರ್ಷ ಒಂದು ಊರಿನ ಬಾಗಿಲು ಬಾಗಿಲಿಗೆ ಹೋದವಳು ಈಗ ಅದೇ ಬಾಗಿಲ ಮುಂದೆ ಕಳ್ಳಿ ಎನ್ನಿಸಿಕೊಳ್ಳುತ್ತಿದ್ದಾಳೆ, ಇವರಿಗೆ ಅದು ಅಷ್ಟೇ. ಆ ಮನುಷ್ಯನ ಮೆತ್ತನೆಯ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಏರುದನಿಯಲ್ಲಿ ಜಗಳ ಮಾಡಿದೆ, ಕೆಳಗಿನ ಔಷಧಿ ಅಂಗಡಿಯವರು ಮೆಟ್ಟಿಲ ತನಕ ಬಂದು ನೋಡಿ ಹೋದರು. ಏನೂ ಆಗಲಿಲ್ಲ. ಪತ್ರ ಅವರು ಹೇಳಿದ ಹಾಗೆಯೇ ಹೋಯಿತು. ಹಳ್ಳಿ ಮಟ್ಟ, ಹೊಂದಾಣಿಕೆ, ಸರಿಪಡಿಸಲಾಗಿದೆ. ಅದರಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ, ಆದರೆ ಅನುಮಾನ ಮಾತ್ರ ಹೋಗಿ ಆಕೆಯ ಮೇಲೇ ಕೂರುತ್ತಿತ್ತು. ವಾರದ ಮೇಲೆ ಆಸ್ಪತ್ರೆಯಿಂದ ಉತ್ತರ ಬಂತು. ಗುಣಮಟ್ಟ ಸುಧಾರಿಸಿದ್ದಕ್ಕೆ ನನಗೆ ಅಭಿನಂದನೆ. ಕೆಳಗೆ, ಮುಂದಿನ ಪಟ್ಟಿಗೆ ಉಪ್ಪಿನಬೆಟಗೇರಿಯಲ್ಲಿ ಬೇರೆಯವರನ್ನು ಗೊತ್ತುಮಾಡಲಾಗಿದೆ.

ಅಭಿನಂದನೆಯ ಆ ಸಾಲನ್ನು ಓದಿದ ಮರುದಿನ ರಜೆ ಹಾಕಿದೆ. ಧಾರವಾಡಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಬರುತ್ತೇನೆ ಎಂದು ಆಕೆಗೆ ಫೋನ್ ಮಾಡಿ ಹೇಳಿದ್ದೆ, ಬಿಟ್ಟುಹೋದವರನ್ನು ಆದಷ್ಟು ಸೇರಿಸಿ ಎಂದೂ ಹೇಳಿದ್ದೆ. ಆಕೆ ಆಯ್ತು ಎಂದಷ್ಟೇ ಅಂದಿದ್ದಳು.

ಸಾಲೆಯ ಪಡಸಾಲೆಯಲ್ಲಿ ಹದಿನಾಲ್ಕು ಹದಿನೈದು ಮಂದಿ ಕೂತಿದ್ದರು. ಕೆಲವರ ಜೊತೆಗೆ ಸೊಸೆಯಂದಿರು, ಮಕ್ಕಳು. ಬಹಳ ಮಂದಿ ಸಿಟ್ಟಿನಲ್ಲೇ ಬಂದಿದ್ದರು, ಮುಖ ನೋಡಿದರೆ ತಿಳಿಯುತ್ತಿತ್ತು. ಆಕೆ ಗೋಡೆಗೆ ಒರಗಿ ಒಂದು ಕಡೆ ನಿಂತಿದ್ದಳು, ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾಲಂ, ಕಾಮಾ, ಫಂಕ್ಷನ್ನು ಅವರಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅಲ್ಲಿ ನಿಂತಾಗ ಅದೆಲ್ಲ ನೆಪದ ಹಾಗೆ ಕಂಡಿತು. ಈ ಅಕ್ಕಾರು ಐವತ್ತೆರಡೂ ಹೆಸರು ಕೊಟ್ಟಿದ್ದರು, ಅದರಲ್ಲಿ ಹತ್ತೊಂಬತ್ತನ್ನು ನಾನು ಬರೆದ ಪ್ರೋಗ್ರಾಂ ಕೈಬಿಟ್ಟಿತು, ಗಿರಣಿ ಮನಿ, ಬಾವಿ ಹಿಂದಿನವರು ಎಂದು ಗುರುತು ಬರೆದಿದ್ದನ್ನು ಓದಲು ಅದಕ್ಕೆ ನಾನು ಕಲಿಸಿರಲಿಲ್ಲ ಎಂದೆ.

ಮುಂದಿನ ಸಾಲಿನಲ್ಲಿ ಕೂತವರೊಬ್ಬರು ಸುಟ್ಟ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿಕೊಡುವವರು, ಪಟ್ಟಿಯಲ್ಲಿ ಮೋಟಾರ್ ಅಂಗಡಿ ಎಂಬ ಗುರುತಿದ್ದ ಮುಸಲ್ಮಾನರು. ಊರಿನ ದರ್ಗಾದ ಹರಕೆಯಿಂದ ಹುಟ್ಟಿದವರಿಗೆಲ್ಲ ಒಂದೇ ಹೆಸರಾದ್ದರಿಂದ ಅವರ ಹೆಸರಿನವರೂ ಅಲ್ಲಿ ನಾಲ್ವರು. ತಂತಿ ಕಣ್ಣಿಗೆ ಕಾಣುವುದಿಲ್ಲ, ಈಗ ಬೆರಳಲ್ಲೇ ಮುಟ್ಟಿ ಮುಟ್ಟಿ ಸುತ್ತುತ್ತಾರೆ ಎಂದು ಆಕೆ ಕಚೇರಿಯಲ್ಲಿ ಹೆಸರು ಓದುವಾಗಲೇ ಹೇಳಿದ್ದಳು. ಅವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿ ಕೇಳಿದರು.

"ಒಂದು ಮಾತ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನಾ ಸುತ್ತಿದ ಮೋಟಾರಿನ್ಯಾಗ ಒಂದು ಸುತ್ತ ತಪ್ಪಿದ್ರ ಅದು ಗುರ್ ಅಂತೈತಿ, ಇಲ್ಲಂದ್ರ ಹೊಗಿ ಬರ್ತೈತಿ. ನಿಮ್ಮದು ಹತ್ತೊಂಬತ್ತು ಮಂದೀನ ಬಿಟ್ಟಾಗ ಏನೂ ಅನ್ನಲಿಲ್ಲೇನ್ರಿ?"

"ಅಂದಿತ್ರಿ" ಎಂದೆ. "ಅದು ಅಂದದ್ದು ನನಗ ಕೇಳಬಾರದು ಅಂತ ನಾನ ಬಾಯಿ ಮುಚ್ಚಿಸಿದ್ದೆ."

ಅವರು ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು, ಅದಕ್ಕೂ ಎಡೆ ಕೊಡಲಿಲ್ಲ.

ಆಗ ಆಕೆ ಗೋಡೆ ಬಿಟ್ಟು ಮುಂದೆ ಬಂದಳು. ನೋಟುಬುಕ್ಕಿನ ಹಾಳೆಯೊಂದನ್ನು ಹರಿದು ನನ್ನ ಕೈಗೆ ಕೊಟ್ಟು, "ಈಗ ಹೇಳಿದ್ದನ್ನ ಬರದು ಸಹಿ ಮಾಡ್ರಿ. ಬಾಯಿ ಮಾತು ಆಸ್ಪತ್ರ್ಯಾಗ ನಡಿಯೂದಿಲ್ಲ" ಎಂದಳು. ಯಜಮಾನರ ನೆನಪಾಯಿತು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದೆ ಎಂದರೆ ಸುಳ್ಳಾಗುತ್ತದೆ. ಆದರೂ ಬರೆದೆ. ಆ ಹಾಳೆ ಹಿಡಿದುಕೊಂಡು ಆಕೆ ಆಸ್ಪತ್ರೆಗೆ ಹೋದಳು, ಪಟ್ಟಿಯ ಕೆಲಸ ತಿರುಗಿ ಆಕೆಗೇ ಬಂತು ಎಂದು ಆಮೇಲೆ ಕೇಳಿದೆ. ನನ್ನ ಕೆಲಸವೂ ಹೋಗಲಿಲ್ಲ. ಯಜಮಾನರು ನನ್ನೊಂದಿಗೆ ಎರಡು ತಿಂಗಳು ಮಾತು ಬಿಟ್ಟರು, ಅಷ್ಟೇ.

ಇಷ್ಟಾದರೂ ಸಿಟ್ಟು ಯಾಕೆ ಇಳಿಯಲಿಲ್ಲ ಎಂದು ಕೇಳುವವರಿಗೆ ಆ ಪಡಸಾಲೆಯಲ್ಲಿ ಕಡೆಗೆ ನಡೆದದ್ದನ್ನು ಹೇಳಬೇಕು. ನಾನು ಬರೆದದ್ದನ್ನು ಆಕೆ ನಿಂತಲ್ಲೇ ಓದಿದಳು. ಉಪ್ಪಿನಬೆಟಗೇರಿಯ ಕಾರ್ಯಕರ್ತೆಯ ಪಟ್ಟಿ ಸರಿಯಿತ್ತು ಎಂಬಲ್ಲಿಗೆ ಬಂದು ಬೆರಳಿಟ್ಟಳು.

"ಕಾರ್ಯಕರ್ತೆ ಅಂದ್ರ ಯಾರ್ರಿ? ನಾವು ಮೂವರದೀವಿ ಊರಾಗ. ಹೆಸರ ಬರೀರಿ."

ಪೆನ್ನು ಹಾಳೆಯ ಮೇಲಿಟ್ಟೆ. ನನ್ನ ಫೋನಿನಲ್ಲಿ ಆಕೆಯ ನಂಬರು ಉಪ್ಪಿನಬೆಟಗೇರಿ ಲಿಸ್ಟ್ ಎಂಬ ಹೆಸರಿನಲ್ಲಿತ್ತು. ಮೂರು ಸಲ ಮಾತಾಡಿದ್ದೆ, ಬೈದಿದ್ದೆ, ಆಕೆಯ ಪರವಾಗಿ ಕಚೇರಿಯಲ್ಲಿ ಕೂಗಾಡಿದ್ದೆ, ಎರಡು ಬಸ್ಸು ಹತ್ತಿ ಬಂದಿದ್ದೆ. ಹೆಸರು ಕೇಳಿರಲಿಲ್ಲ. ಅಷ್ಟು ಮಂದಿಯ ಎದುರಿಗೆ ತಲೆಯೆತ್ತಿ, ನಿಮ್ಮ ಹೆಸರೇನ್ರಿ ಎಂದು ಕೇಳಬೇಕಾಯಿತು.